ಮಳೆಗಾಲಕ್ಕೆ ಮುನ್ನ ಮನೆಯ ಕೋವಿ

ಮುಂಗಾರು ಹಿಡಿಯುವ ಮೊದಲು ನಾವು ಮೈಲುತುತ್ತ, ಸುಣ್ಣ ತಂದಿಡುತ್ತೇವೆ, ಕೊಟ್ಟೆ ಕಟ್ಟುವವರನ್ನು ಗೊತ್ತು ಮಾಡುತ್ತೇವೆ, ಸೌದೆ ಒಳಗೆ ಹಾಕುತ್ತೇವೆ. ಕೋವಿಯ ನೆನಪು ಮಾತ್ರ ಹಂದಿ ತೋಟಕ್ಕೆ ನುಗ್ಗಿದ ರಾತ್ರಿಯೇ ಬರುವುದು. ಅಷ್ಟರಲ್ಲಿ ನಳಿಗೆಗೆ ತುಕ್ಕು ಹಿಡಿದಿರುತ್ತದೆ, ತೋಟೆ ಉಬ್ಬಿರುತ್ತದೆ.

ಶಿಕಾರಿಯ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ತೆರೆ ಎಳೆದಿದೆ. ಈಗ ಮನೆಯಲ್ಲಿ ಕೋವಿ ಉಳಿದಿರುವುದು ಬೆಳೆ ರಕ್ಷಣೆಗೆ, ಆತ್ಮರಕ್ಷಣೆಗೆ, ಕೊಡಗಿನಲ್ಲಾದರೆ ಸಂಪ್ರದಾಯಕ್ಕೂ ಸಹ. ಬೆಳೆ ರಕ್ಷಣೆಯ ಲೈಸೆನ್ಸು ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಹೆದರಿಸಿ ಓಡಿಸುವುದಷ್ಟೇ ನಮ್ಮ ಕೆಲಸ. ವರ್ಷದಲ್ಲಿ ನಾಲ್ಕೈದು ಬಾರಿ ಮಾತ್ರ ಕೈಗೆ ಬರುವ ಇಂಥ ವಸ್ತು ಉಳಿದ ದಿನಗಳಲ್ಲಿ ಹೇಗಿರುತ್ತದೆ ಎಂಬುದೇ ಮುಖ್ಯ.

ಮೊದಲನೆಯ ಮಾತು: ಕೋವಿ ಖಾಲಿ ಇದೆಯೆಂದು ನಂಬಬೇಡಿ, ನೋಡಿ. ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ತಂದೆಯವರು ತೀರಿಕೊಂಡ ಮೇಲೆ ಅವರ ಕೇಪಿನ ಕೋವಿ ಅನೇಕ ವರ್ಷ ಗೋಡೆಯ ಮೇಲಿತ್ತು. ಖಾಲಿ ಎಂದೇ ಎಲ್ಲರೂ ತಿಳಿದಿದ್ದೆವು. ರಜೆಗೆ ಬಂದ ತಂಗಿಯ ಮಗ ಅದರ ಕುದುರೆಯನ್ನು ಎಳೆದು ಬಿಟ್ಟು ಆಡುತ್ತಿದ್ದ. ಕೊನೆಗೆ ರಿಪೇರಿಗೆ ಕೊಂಡೊಯ್ದಾಗ ಅಲ್ಲಿಯವರು ನಳಿಗೆಗೆ ಸರಳು ಇಳಿಸಿದರು. ಅದು ತಳ ಮುಟ್ಟದೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಒಳಗೆ ಮದ್ದೂ ಚರೆಯೂ ಇದ್ದವು. ಕೇಪು ಇರಲಿಲ್ಲವೆಂಬುದೊಂದೇ ಅಂದು ಆ ಹುಡುಗನನ್ನು ಕಾಯ್ದದ್ದು.

ಆದ್ದರಿಂದ ಕೇಪಿನ ಕೋವಿ ಇರುವವರು ಖಾಲಿ ನಳಿಗೆಯೊಳಗೆ ಮದ್ದು ಜಡಿಯುವ ಸರಳನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಅರದಿಂದ ಒಂದು ಗೀರು ಹಾಕಿಕೊಳ್ಳಿ. ಮುಂದೆ ಯಾವಾಗ ನೋಡಿದರೂ ಗೀರು ಬಾಯಿಯಿಂದ ಮೇಲೆ ನಿಂತರೆ ಒಳಗೆ ಈಡು ಇದೆಯೆಂದೇ ಅರ್ಥ. ಅದನ್ನು ಕಬ್ಬಿಣದ ಕಡ್ಡಿಯಿಂದ ಕೆದಕಬಾರದು. ಕೇಪು ಇದ್ದರೆ ತೆಗೆದು, ಲೈಸೆನ್ಸು ಇರುವ ಕೋವಿ ರಿಪೇರಿಯವರಿಗೆ ತಿಳಿಸಿ. ತೋಟೆ ಕೋವಿಯಾದರೆ ನಳಿಗೆ ಮುರಿದು, ಬೆಳಕಿಗೆ ಹಿಡಿದು ಕಣ್ಣಾರೆ ನೋಡುವುದು ಸುಲಭ.

ಇನ್ನು ತುಕ್ಕಿನ ವಿಚಾರ. ಕರಿಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣ ತಿನ್ನುತ್ತದೆ. ಅದು ಎಣ್ಣೆಗೆ ಹೋಗುವುದಿಲ್ಲ, ಬಿಸಿ ನೀರಿಗೆ ಹೋಗುತ್ತದೆ. ಸೋಪು ಹಾಕಿದ ಬಿಸಿ ನೀರಿನಲ್ಲಿ ನಳಿಗೆ ತೊಳೆದು, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಕೋವಿ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೈಯ ಬೆವರಿನ ಉಪ್ಪಿಗೂ ತುಕ್ಕು ಬರುವುದರಿಂದ ಮುಟ್ಟಿದ ಮೇಲೆ ಒಮ್ಮೆ ಒರೆಸಿಡಿ.

ಇಡುವ ಜಾಗದಲ್ಲೇ ನಮ್ಮವರು ಹೆಚ್ಚು ತಪ್ಪುವುದು. ಗೊಬ್ಬರ, ಮೈಲುತುತ್ತ ಇಟ್ಟ ಕೋಣೆಯಲ್ಲಿ ಕೋವಿ ಖಂಡಿತ ಇರಕೂಡದು. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಚಾಕು ಅದ್ದಿ ನೋಡುತ್ತೇವಲ್ಲ, ಹುಳಿ ಇದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತದ ಪುಡಿ ತೇವದೊಂದಿಗೆ ಸೇರಿದರೆ ನಳಿಗೆಗೂ ಅದೇ ಗತಿ. ಚರ್ಮದ ಚೀಲ, ಗೋಣಿ, ಕಂಬಳಿಯ ಸುತ್ತು ಮಳೆಗಾಲದಲ್ಲಿ ನೀರು ಹಿಡಿದುಕೊಳ್ಳುತ್ತವೆ. ಹಳಬರು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಬೆಚ್ಚಗಿರುತ್ತದೆ ನಿಜ, ಆದರೆ ಹಿಡಿಯ ಮರ ಸೀಳುತ್ತದೆ. ಮದ್ದನ್ನೂ ಅಲ್ಲಿಯೇ ಇಟ್ಟರೆ ಹೇಳುವುದೇ ಬೇಡ. ಒಳಕೋಣೆಯ ಗೋಡೆಗೆ ತಾಗದಂತೆ ನಿಲ್ಲಿಸಿದ ಉಕ್ಕಿನ ಬೀರು, ಅದಕ್ಕೊಂದು ಬೀಗ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಷ್ಟಿದ್ದರೆ ಸಾಕು. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ.

ತೋಟೆಗಳು ಬೇರೆ ಕಡೆ, ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿರಲಿ. ಉಬ್ಬಿದ ಅಥವಾ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದ ತೋಟೆಯನ್ನು ಒತ್ತಿ ತುಂಬಲು ಹೋಗಬೇಡಿ. ಎರಡೂ ಕೀಲಿಕೈಗಳು ಒಂದೇ ಗೊಂಚಲಿನಲ್ಲಿ ಮೊಳೆಗೆ ನೇತಾಡುತ್ತಿದ್ದರೆ ಬೀಗ ಹಾಕಿ ಫಲವಿಲ್ಲ. ಭದ್ರವಾಗಿಡುವ ಹೊಣೆಯನ್ನು 2016ರ ಶಸ್ತ್ರ ನಿಯಮಗಳೂ ಲೈಸೆನ್ಸುದಾರನ ಮೇಲೆಯೇ ಹಾಕಿವೆ.

ಕೊಡಗಿನವರಿಗೆ ಇದೇನೂ ಹೊಸತಲ್ಲ. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್ ಮುಹೂರ್ತದಂದು ಕೋವಿಗಳನ್ನು ಶುಚಿ ಮಾಡಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಉಳಿದ ಮಲೆನಾಡಿಗರು ಆಯುಧಪೂಜೆಯ ದಿನ ಕುಂಕುಮ ಇಡುವ ಮೊದಲು ಒಮ್ಮೆ ಒಳಗೆ ಇಣುಕಿದರೂ ಆಯಿತು.

ಅಟ್ಟದಲ್ಲಿ ಹಳೆಯ ಉರುಳು ತಂತಿ ಸಿಕ್ಕರೆ ಇಟ್ಟುಕೊಳ್ಳಬೇಡಿ, ತುಂಡರಿಸಿ ಬಿಸಾಡಿ. ಬೇಲಿಯಲ್ಲಿ ಹಂದಿಗೆಂದು ಇಟ್ಟ ಉರುಳಿಗೆ ಚಿರತೆಯೂ ಬೀಳುತ್ತದೆ, ನಮ್ಮದೇ ನಾಯಿಯೂ ಬೀಳುತ್ತದೆ. ಕೇಸು ತೋಟದವನ ಮೇಲೆ.

ಚುನಾವಣೆಯ ವೇಳೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ, ಕೊಡುವ ಮುನ್ನ ಒಳಗೂ ಹೊರಗೂ ಎಣ್ಣೆ ಸವರಿ ಕೊಡಿ. ನಂಬರು ಬರೆದ ರಸೀದಿ ಪಡೆದು ಲೈಸೆನ್ಸು ಪುಸ್ತಕದೊಳಗೇ ಇಟ್ಟುಕೊಳ್ಳಿ. ವಾಪಸು ತಂದ ದಿನವೇ ನಳಿಗೆ ನೋಡಿ, ಒರೆಸಿ, ಬೀರುವಿಗೆ ಸೇರಿಸಿ.