ಮಾರ್ಕನ ಸುವಾರ್ತೆಯ ಕೊನೆಗೆ ಕಂಸ ಹಾಕಿದವರು ಯಾರು?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಸತ್ಯವೇದಗಳಿವೆ. ಅಜ್ಜನ ಕಾಲದ ಪುಸ್ತಕದಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಉಳಿದವುಗಳ ಹಾಗೆಯೇ ಅಚ್ಚಾಗಿವೆ. ಹೊಸದರಲ್ಲಿ ಅವಕ್ಕೆ ಕಂಸ ಹಾಕಿ, ಕೆಲವು ಪುರಾತನ ಪ್ರತಿಗಳಲ್ಲಿ ಇವಿಲ್ಲ ಎಂದು ಕೆಳಗೆ ಟಿಪ್ಪಣಿ ಕೊಟ್ಟಿದ್ದಾರೆ. ದೇವರ ವಾಕ್ಯಕ್ಕೆ ಕಂಸ ಹಾಕುವ ಅಧಿಕಾರ ಯಾರಿಗಿದೆ? ಅಜ್ಜ ಓದಿಕೊಂಡು ಬಂದದ್ದು ತಪ್ಪೇ?
— ಓದುಗರೊಬ್ಬರು, ಸಿರವಾರ

ನಿಮ್ಮ ಅಜ್ಜ ಓದಿದ್ದು ತಪ್ಪಲ್ಲ. ಕನ್ನಡಕ್ಕೆ ತಂದವರ ಮುಂದಿದ್ದ ಮೂಲದಲ್ಲಿ ಆ ವಚನಗಳಿದ್ದವು, ಇದ್ದುದನ್ನು ಅವರು ತಂದರು. ಕಂಸದ ಕತೆ ಬೇರೆ. ಅದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಡೆದ ದೊಡ್ಡದೊಂದು ದುಡಿಮೆಯ ಫಲ.

ನಿಮ್ಮ ಕಡೆಯಿಂದಲೇ ಹೊರಡೋಣ. ತುಂಗಭದ್ರೆ ದಾಟಿದರೆ ಬಳ್ಳಾರಿ ಸೀಮೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದಾಗ ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವೊಂದೂ ಅವರಿಗೆ ಸಿಗುವಂತಿರಲಿಲ್ಲ. ಜನರ ಬಾಯಿಂದಲೇ ಭಾಷೆ ಕಲಿತರು. ವಿಲಿಯಂ ರೀವ್ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿತ್ತು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು ಅದರ ಮರುವರ್ಷ. ಆ ನಿಘಂಟಿಗಿಂತ ಮೊದಲೇ ಅನುವಾದ ಮುಗಿಸಿದವರ ಕಷ್ಟವನ್ನು ಊಹಿಸಿಕೊಳ್ಳಿ. ಆ ಕನ್ನಡದಲ್ಲಿ ತೊಡಕುಗಳಿದ್ದವು, ತಿದ್ದಬೇಕಾಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅದಕ್ಕೆ ಹೆಗಲು ಕೊಟ್ಟು, 1855ರಲ್ಲಿ ನಡುವಯಸ್ಸಿಗೇ ತೀರಿಕೊಂಡರು. ಬೆಂಗಳೂರಿನಲ್ಲಿ ಐವತ್ತು ವರ್ಷ ಕಳೆದ ಬೆಂಜಮಿನ್ ರೈಸ್ ಕೂಡ ಆ ತಿದ್ದುವಿಕೆಯಲ್ಲಿ ದುಡಿದವರು.

ಇವರೆಲ್ಲ ತಿದ್ದಿದ್ದು ಕನ್ನಡವನ್ನು. ಗ್ರೀಕ್ ಮೂಲವನ್ನೇ ತಿದ್ದಬೇಕಾದೀತೆಂಬ ಮಾತು ಆಗ ಯುರೋಪಿನಲ್ಲಿ ಬಲವಾಗುತ್ತಿತ್ತು. ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು 1516ರಲ್ಲಿ ಮೊದಲು ಪ್ರಕಟಿಸಿದ ಎರಾಸ್ಮಸ್ ಬಳಿ ಇದ್ದದ್ದು ಬೆರಳೆಣಿಕೆಯ ಪ್ರತಿಗಳು, ಅವೂ ಬಹಳ ಈಚಿನವು. ಪ್ರಕಟನೆ ಗ್ರಂಥದ ಕೊನೆಯ ಹಾಳೆ ಹರಿದುಹೋಗಿದ್ದರಿಂದ ಆ ಭಾಗವನ್ನು ಅವರು ಲ್ಯಾಟಿನ್ನಿನಿಂದ ಗ್ರೀಕ್‌ಗೆ ಮರಳಿ ತಿರುಗಿಸಿ ಸೇರಿಸಿದರು. 1611ರ ಇಂಗ್ಲಿಷ್ ಬೈಬಲ್ ಹಿಂದೆ ಇದ್ದದ್ದು ಹೀಗೆ ಬೆಳೆದು ಬಂದ ಪಾಠವೇ.

ಕೈಬರಹದ ಪ್ರತಿಗಳಲ್ಲಿ ಪಾಠ ಹೇಗೆ ಬದಲಾಗುತ್ತದೆಂದು ನಿಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು, ಇವರ ಪದಗಳನ್ನು ಎರಡು ಊರಿನ ಭಜನಾ ಮಂಡಳಿಗಳಲ್ಲಿ ಕೇಳಿ ನೋಡಿ. ಒಂದು ಕಡೆ ಇರುವ ನುಡಿ ಇನ್ನೊಂದು ಕಡೆ ಇರುವುದಿಲ್ಲ, ಸಾಲಿನಲ್ಲಿ ಶಬ್ದ ಬೇರೆಯಾಗಿರುತ್ತದೆ. ಯಾರೂ ಮೋಸ ಮಾಡಿರುವುದಿಲ್ಲ. ಬರೆದುಕೊಂಡವರ ಭಕ್ತಿಯೇ ಕೆಲವೊಮ್ಮೆ ಒಂದು ಮಾತು ಕೂಡಿಸುತ್ತದೆ.

ನಿಮ್ಮ ಹನ್ನೆರಡು ವಚನಗಳ ವಿಚಾರ ಗಟ್ಟಿಯಾದದ್ದು ಸೀನಾಯಿ ಬೆಟ್ಟದ ಬುಡದಲ್ಲಿ. ಅಲ್ಲಿನ ಸಂತ ಕ್ಯಾಥರೀನ್ ಮಠದಲ್ಲಿ ಜರ್ಮನ್ ವಿದ್ವಾಂಸ ಟಿಷೆಂಡಾರ್ಫ್ 1844ರಲ್ಲಿ ಕೆಲವು ಹಾಳೆ, 1859ರಲ್ಲಿ ಉಳಿದ ದೊಡ್ಡ ಭಾಗವನ್ನು ಕಂಡರು. ನಾಲ್ಕನೇ ಶತಮಾನದ ಚರ್ಮದ ಹಾಳೆಗಳ ಗ್ರಂಥ ಅದು. ಅದರಲ್ಲಿ ಮಾರ್ಕನ ಸುವಾರ್ತೆ ಹದಿನಾರನೇ ಅಧ್ಯಾಯದ ಎಂಟನೇ ವಚನಕ್ಕೆ, ಸಮಾಧಿಯಿಂದ ಹೆದರಿ ಓಡಿದ ಹೆಂಗಸರ ಮಾತಿಗೆ, ಮುಗಿಯುತ್ತದೆ. ರೋಮಿನ ವ್ಯಾಟಿಕನ್‌ನಲ್ಲಿರುವ ಅದೇ ಕಾಲದ ಪ್ರತಿಯಲ್ಲೂ ಹಾಗೆಯೇ. ವೈಗ್ಲೆ ತೀರಿಕೊಂಡ ನಾಲ್ಕು ವರ್ಷದ ಮೇಲೆ ಬೆಳಕಿಗೆ ಬಂದ ಗ್ರಂಥವನ್ನು ಅವರು ಹೇಗೆ ನೋಡಿಯಾರು?

1892ರಲ್ಲಿ ಅದೇ ಮಠಕ್ಕೆ ಸ್ಕಾಟ್ಲೆಂಡಿನ ಅವಳಿ ಸೋದರಿಯರು ಹೋದರು: ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್. ಇಬ್ಬರೂ ವಿಧವೆಯರು, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಹೆಂಗಸರಿಗೆ ಪದವಿ ಕೊಡದ ಕಾಲ. ಆಗ್ನೆಸ್ ಸ್ವಂತ ಶ್ರಮದಿಂದ ಸಿರಿಯಾಕ್ ಭಾಷೆ ಕಲಿತಿದ್ದರು. ಸಂತ ಸ್ತ್ರೀಯರ ಚರಿತ್ರೆ ಬರೆದಿದ್ದ ಒಂದು ಹಳೆಯ ಪುಸ್ತಕದಲ್ಲಿ ಅಕ್ಷರಗಳ ಅಡಿಗೆ ಅಳಿಸಿದ ಇನ್ನೊಂದು ಬರಹ ಅವರ ಕಣ್ಣಿಗೆ ಬಿತ್ತು. ಅಂಟಿಕೊಂಡಿದ್ದ ಹಾಳೆಗಳನ್ನು ಕೆಟಲ್ಲಿನ ಹಬೆ ಹಿಡಿದು ಬಿಡಿಸಿ, ಒಂದೊಂದಾಗಿ ಫೋಟೋ ತೆಗೆದರು. ಅಡಿಯಲ್ಲಿದ್ದದ್ದು ನಾಲ್ಕು ಸುವಾರ್ತೆಗಳ ಬಹು ಪುರಾತನ ಸಿರಿಯಾಕ್ ಅನುವಾದ. ಅಲ್ಲೂ ಮಾರ್ಕ ಎಂಟನೇ ವಚನಕ್ಕೇ ನಿಲ್ಲುತ್ತಾನೆ. ಆ ಕಾಲದ ಪಾಂಡಿತ್ಯವೆಂದರೆ ಗಡ್ಡದ ಧರ್ಮಗುರುಗಳ ಚಿತ್ರವನ್ನಷ್ಟೇ ನೆನೆಯುವವರು ಈ ಇಬ್ಬರನ್ನು ಮರೆಯಬಾರದು.

ಅಷ್ಟರಲ್ಲಿ ಕೇಂಬ್ರಿಡ್ಜ್‌ನ ವೆಸ್ಟ್‌ಕಾಟ್ ಮತ್ತು ಹಾರ್ಟ್ 28 ವರ್ಷ ಪ್ರತಿಗಳನ್ನು ತೂಗಿ ನೋಡಿ 1881ರಲ್ಲಿ ಹೊಸ ಗ್ರೀಕ್ ಪಾಠ ಕೊಟ್ಟಿದ್ದರು. ಅದೇ ವರ್ಷ ಬಂದ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆ ಆ ಹನ್ನೆರಡು ವಚನಗಳನ್ನು ಜಾಗ ಬಿಟ್ಟು ಅಚ್ಚು ಹಾಕಿ, ಪಕ್ಕದಲ್ಲಿ ಕಾರಣ ಬರೆಯಿತು. ಎಲ್ಲರೂ ಒಪ್ಪಲಿಲ್ಲ. ಚಿಚೆಸ್ಟರ್‌ನ ಡೀನ್ ಬರ್ಗನ್ ಈ ವಚನಗಳ ಪರವಾಗಿ 1871ರಲ್ಲೇ ಇಡೀ ಪುಸ್ತಕ ಬರೆದಿದ್ದರು. ಅವರ ವಾದದಲ್ಲಿ ಹುರುಳಿತ್ತು: ಬಹುಪಾಲು ಗ್ರೀಕ್ ಪ್ರತಿಗಳಲ್ಲಿ ಅವು ಇವೆ, ಎರಡನೇ ಶತಮಾನದ ಐರೇನಿಯಸ್ ಅವುಗಳಲ್ಲಿ ಒಂದನ್ನು ಮಾರ್ಕನ ಮಾತೆಂದೇ ಎತ್ತಿ ಹೇಳುತ್ತಾನೆ. ಮಾರ್ಕನೇ ಬರೆದನೆನ್ನಲು ಸಂಶಯವಿದ್ದರೂ, ಸಭೆ ಅವುಗಳನ್ನು ಓದಿದ್ದು ಬಹು ಹಳೆಯ ಕಾಲದಿಂದ. ತೆಗೆದುಹಾಕದೆ ಕಂಸದಲ್ಲಿಟ್ಟದ್ದು ಅದಕ್ಕೇ. ನನ್ನ ದೃಷ್ಟಿಯಲ್ಲಿ ಇದು ಧರ್ಮಗ್ರಂಥದ ಮೇಲಿನ ಗೌರವ. ಸಂಶಯವನ್ನು ಮುಚ್ಚಿಟ್ಟು ನಿಮ್ಮ ಕೈಗೆ ಪುಸ್ತಕ ಕೊಡುವುದು ಸುಲಭವಿತ್ತು.

  

ಪ್ರತಿಗಳನ್ನು ತೂಗಿ ನೋಡುವ ಈ ವಿದ್ಯೆಯಿಂದ ಕನ್ನಡಕ್ಕೆ ಆದ ಲಾಭ ಸುವಾರ್ತೆಗಳಿಗಷ್ಟೇ ನಿಲ್ಲಲಿಲ್ಲ. ಪ್ರತಿಗಳನ್ನು ಹೋಲಿಸಿ ಓದುವ ಶಿಸ್ತು ಕಲಿತು ಬಂದವರು ನಮ್ಮ ಓಲೆಗರಿಗಳ ಮೇಲೂ ಅದನ್ನು ಬಳಸಿದರು. ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. ಸತ್ಯವೇದ ತಿದ್ದಿದ ಬೆಂಜಮಿನ್ ರೈಸ್ ಅವರ ಮಗನೇ ನಮ್ಮ ಶಾಸನಗಳ ಬಿ.ಎಲ್. ರೈಸ್, ಪಂಪಭಾರತ 1898ರಲ್ಲಿ ಅಚ್ಚಾದದ್ದು ಅವರ ಸಂಪಾದನೆಯಲ್ಲಿ.

ನಿಮ್ಮಲ್ಲಿ ಒಂದು ವಿನಂತಿ. ಅಜ್ಜನ ಪುಸ್ತಕದ ಮೊದಲ ಹಾಳೆ ಉಳಿದಿದ್ದರೆ ಅಚ್ಚಾದ ಊರು, ವರ್ಷ, ಹೊರತಂದ ಸಂಸ್ಥೆಯ ಹೆಸರು ನೋಡಿ ಬರೆದಿಟ್ಟುಕೊಳ್ಳಿ. ಹಳೆಯ ಕನ್ನಡ ಬೈಬಲ್‌ಗಳು ಗೆದ್ದಲಿಗೆ, ರದ್ದಿಗೆ ಹೋಗಿ ಅಪರೂಪವಾಗುತ್ತಿವೆ. ಆಮೇಲೆ ಎರಡೂ ಪುಸ್ತಕಗಳಲ್ಲಿ ಮತ್ತಾಯನ ಸುವಾರ್ತೆ ಆರನೇ ಅಧ್ಯಾಯದ ಹದಿಮೂರನೇ ವಚನವನ್ನು ಅಕ್ಕಪಕ್ಕ ಇಟ್ಟು ಓದಿ. ಕರ್ತನ ಪ್ರಾರ್ಥನೆಯ ಕೊನೆಯ ಸ್ತುತಿಯ ಮೇಲೂ ಗ್ರೀಕ್ ಪಾಠದ ವಿದ್ವಾಂಸರು ಇಂಥದೇ ಕಾರಣಕ್ಕೆ ಚರ್ಚಿಸಿದ್ದರು.