ಕೆಂಪು ಸಿಲಿಂಡರಿನ ಮೇಲೆ ಏನು ಬರೆದಿದೆ?

ಲ್ಯಾಬ್ ಬಾಗಿಲ ಪಕ್ಕ, ಹಾಸ್ಟೆಲ್ ಮೆಟ್ಟಿಲ ತಿರುವಿನಲ್ಲಿ, ಕ್ಯಾಂಟೀನ್ ಗೋಡೆಯ ಮೇಲೆ ನೇತಾಡುವ ಕೆಂಪು ಸಿಲಿಂಡರನ್ನು ನಾವೆಲ್ಲ ದಿನಾ ನೋಡ್ತೀವಿ. ನೋಡ್ತೀವಿ ಅಷ್ಟೇ, ಯಾರೂ ಓದೋದಿಲ್ಲ. ಈ ಸಲ ಓದೋಣ.

ಮೊದಲು ಐಎಸ್‌ಐ ಮುದ್ರೆ. ಅದರ ಮೇಲ್ಗಡೆ ಐಎಸ್ 15683 ಎಂದಿರಬೇಕು. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಅಗ್ನಿಶಾಮಕಗಳ ಭಾರತೀಯ ಮಾನಕ ಅದು. ಕೆಳಗಡೆ ಸಿಎಂ/ಎಲ್ ಅಂತ ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತೆ. ಮುದ್ರೆಯನ್ನು ಯಾವ ಸ್ಟಿಕ್ಕರ್ ಅಂಗಡಿಯಲ್ಲಿ ಬೇಕಾದ್ರೂ ಅಚ್ಚು ಹಾಕಿಸಬಹುದು. ಆದರೆ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಇನ್ನೂ ಚಾಲ್ತಿಯಲ್ಲಿದೆಯಾ ಅನ್ನೋದು ತಿಳಿಯುತ್ತೆ. ಎರಡು ನಿಮಿಷದ ಕೆಲಸ.

ಈ ಪ್ರಮಾಣಪತ್ರದ ಹಿಂದೆ ಬರೀ ಕಾಗದ ಇಲ್ಲ, ನಿಜವಾದ ಬೆಂಕಿ ಇದೆ. ಪರೀಕ್ಷೆಯಲ್ಲಿ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಹಚ್ಚುತ್ತಾರೆ, ತಟ್ಟೆಯಲ್ಲಿ ಇಂಧನ ಸುರಿದು ಹಚ್ಚುತ್ತಾರೆ. ಆ ಮಾದರಿಯ ಸಿಲಿಂಡರ್ ಅದನ್ನು ಆರಿಸಿ ತೋರಿಸಬೇಕು. ಸಿಲಿಂಡರನ್ನು ಒತ್ತಡಕ್ಕೆ ಒಡ್ಡಿ ಎಷ್ಟಕ್ಕೆ ಒಡೆಯುತ್ತೆ ಅಂತಾನೂ ನೋಡ್ತಾರೆ. ಇದ್ಯಾವುದೂ ಆಗದ ಅಗ್ಗದ ಸಿಲಿಂಡರ್ ಹೊರಗಿನಿಂದ ಥೇಟ್ ಹಾಗೇ ಕಾಣುತ್ತೆ. ಅದೇ ಅಪಾಯ.

ಇನ್ನೊಂದು ವಿಷಯ, ನಮ್ಮ ಥರ್ಮೋಡೈನಮಿಕ್ಸ್ ಪೇಪರಿಗೂ ಆಗುತ್ತೆ. ಪೌಡರ್ ಸಿಲಿಂಡರಿಗೆ ಒತ್ತಡದ ಗೇಜ್ ಇರುತ್ತೆ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಇರೋದಿಲ್ಲ. ಯಾಕೆ? ಅದರೊಳಗೆ ದ್ರವ, ಆವಿ ಎರಡೂ ಒಟ್ಟಿಗಿವೆ. 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್. ಅರ್ಧ ಸೋರಿಹೋದರೂ ದ್ರವ ಉಳಿದಿರುವ ತನಕ ಅದೇ 57. ಗೇಜ್ ಹಾಕಿದ್ದರೆ ಅದು ಸುಳ್ಳು ಹೇಳ್ತಿತ್ತು. (ಕಲಬುರಗಿಯ ಮೇ ತಿಂಗಳಲ್ಲಿ 31 ಡಿಗ್ರಿ ದಾಟಿ ಕ್ರಿಟಿಕಲ್ ಪಾಯಿಂಟ್ ಮೀರಿದರೆ ಕಥೆ ಬೇರೆ.) ಹಾಗಾಗಿ ಇದನ್ನು ತೂಗಿಯೇ ನೋಡಬೇಕು. ತುಂಬಿದ ಅನಿಲದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಪೌಡರ್ ಸಿಲಿಂಡರಿನ ಗೇಜ್ ಕೂಡ ಅನಿಲದ ಒತ್ತಡವನ್ನಷ್ಟೇ ಹೇಳುತ್ತೆ. ಮುಳ್ಳು ಹಸಿರಿನಲ್ಲಿದ್ದು ಒಳಗೆ ಪುಡಿ ಗಟ್ಟಿಯಾಗಿರಬಹುದು.

ಈಗ ಚಾವಣಿ ಕಡೆ ನೋಡೋಣ. ಸ್ಪ್ರಿಂಕ್ಲರಿನ ಗಾಜಿನ ಬಲ್ಬ್ ಕೆಂಪಗಿದ್ದರೆ 68 ಡಿಗ್ರಿಗೆ ಒಡೆಯುತ್ತೆ, ಹಸಿರಾಗಿದ್ದರೆ 93ಕ್ಕೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎಲ್ಲವೂ ಒಟ್ಟಿಗೆ ಸುರಿಯೋದಿಲ್ಲ, ಬಿಸಿ ತಾಗಿದ್ದು ಮಾತ್ರ ತೆರೆದುಕೊಳ್ಳುತ್ತೆ. ನೀರಿನ ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತ. ಕೆ ಅಂಶ 80 ಇರುವ ಹೆಡ್ 1 ಬಾರ್‌ನಲ್ಲಿ ನಿಮಿಷಕ್ಕೆ 80 ಲೀಟರ್ ಕೊಟ್ಟರೆ, ಅರ್ಧ ಬಾರ್‌ನಲ್ಲಿ ಸುಮಾರು 57 ಲೀಟರ್ ಕೊಡುತ್ತೆ. ಅಂದರೆ ಹೆಡ್ ಎಷ್ಟೇ ಒಳ್ಳೇದಿದ್ದರೂ ಪಂಪು, ಪೈಪು ಸರಿಯಿಲ್ಲದಿದ್ದರೆ ಲೆಕ್ಕ ತಪ್ಪುತ್ತೆ.

ಹಾಗಾದ್ರೆ ಪ್ರಮಾಣಪತ್ರ ಇದ್ದರೆ ಸಾಕಾ? ಅಮೆರಿಕದ ಸೆಂಟ್ರಲ್ ಸ್ಪ್ರಿಂಕ್ಲರ್ ಕಂಪನಿಯ ಕಥೆ ಕೇಳಿ. ಅದರ ಒಮೆಗಾ ಹೆಡ್‌ಗಳಿಗೆ ಯುಎಲ್ ಮಾನ್ಯತೆ ಇತ್ತು. ಆದರೂ 1998ರಲ್ಲಿ ಸುಮಾರು 84 ಲಕ್ಷ ಹೆಡ್‌ಗಳನ್ನು ವಾಪಸ್ ಪಡೀಬೇಕಾಯ್ತು. ಬೆಂಕಿ ಬಿದ್ದಾಗ ತೆರೆಯದೇ ಹೋಗಬಹುದು ಅನ್ನೋದು ಕಾರಣ. 2001ರಲ್ಲಿ ಅದೇ ಕಂಪನಿಯ ಇನ್ನೂ ಸುಮಾರು 3.5 ಕೋಟಿ ಹೆಡ್‌ಗಳ ಸರದಿ. ದೋಷ ಇದ್ದದ್ದು ರಬ್ಬರಿನ ಪುಟ್ಟ ಓ-ರಿಂಗ್‌ನಲ್ಲಿ. ನೀರಿನ ಲವಣ, ಖನಿಜ, ಕಲ್ಮಶಗಳು ವರ್ಷಗಟ್ಟಲೆ ತಾಗಿ ರಬ್ಬರ್ ಕೆಟ್ಟು, ಹೆಡ್ ಕೆಲಸ ಮಾಡದೇ ಹೋಗುವ ಸಾಧ್ಯತೆ ಇತ್ತು. ಹೊಸದಾಗಿ ಪರೀಕ್ಷೆ ಪಾಸಾದದ್ದು ಹಳೆಯದಾದಾಗ ಹಾಗೇ ಇರೋದಿಲ್ಲ. ಇಲ್ಲಿ ಮೆಟೀರಿಯಲ್ಸ್ ಸೈನ್ಸ್ ಓದೋರಿಗೆ ಬೇಕಾದಷ್ಟು ಕೆಲಸ ಇದೆ.

ಈ ದೋಷ ಗೊತ್ತಾಗಬೇಕಾದ್ರೆ ಹಾಕಿದ ಮೇಲೂ ತೆಗೆದು ಪರೀಕ್ಷಿಸಬೇಕು. ಸಿಲಿಂಡರುಗಳ ನಿರ್ವಹಣೆಗೆ ನಮ್ಮಲ್ಲಿ ಐಎಸ್ 2190 ಇದೆ. ಅದರಂತೆ ತಪಾಸಣೆ ನಡೆದಿದ್ದರೆ ಸಿಲಿಂಡರಿನ ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ದಿನಾಂಕ, ಸಹಿ ಇರುತ್ತೆ. ಖಾಲಿ ಚೀಟಿ ಕಂಡರೆ ಫೋಟೋ ತೆಗೆದು ಲ್ಯಾಬ್ ಇನ್‌ಸ್ಟ್ರಕ್ಟರ್ ಅವರಿಗೋ ವಾರ್ಡನ್ನರಿಗೋ ಕಳಿಸಿ. ಜೊತೆಗೆ ಆ ಸಿಎಂ/ಎಲ್ ಸಂಖ್ಯೆಯನ್ನೂ ಬರೆಯಿರಿ.