ಡೀಸೆಲ್ ಪಂಪ್‌ಸೆಟ್ ರಿಪೇರಿ: ಕಂಪ್ರೆಷನ್ ಅನುಪಾತದ ಲೆಕ್ಕ

ಹೊಸ ಪಿಸ್ಟನ್, ರಿಂಗು ಹಾಕಿಸಿದ ಮೇಲೂ ಕೆಲವು ಡೀಸೆಲ್ ಪಂಪ್‌ಸೆಟ್‌ಗಳು ಚಳಿಗಾಲದ ಬೆಳಿಗ್ಗೆ ಸುಲಭವಾಗಿ ಚಾಲೂ ಆಗುವುದಿಲ್ಲ. ಬಿಳಿ ಹೊಗೆ ಬಿಡುತ್ತವೆ. ಕಂಪ್ರೆಷನ್ ಅನುಪಾತ ಕುಗ್ಗಿರುವುದು ಇದಕ್ಕೆ ಒಂದು ಕಾರಣ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು.

ಪಿಸ್ಟನ್ ಕೆಳತುದಿಯಲ್ಲಿರುವಾಗ ಅದರ ಮೇಲಿರುವ ಒಟ್ಟು ಜಾಗವನ್ನು, ಮೇಲ್ತುದಿಗೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಈ ಅನುಪಾತ ದೊರೆಯುತ್ತದೆ.

ಉದಾಹರಣೆಗೆ, ಬೋರ್ 8 ಸೆಂ.ಮೀ., ಸ್ಟ್ರೋಕ್ 11 ಸೆಂ.ಮೀ. ಇರುವ ಎಂಜಿನ್ ತೆಗೆದುಕೊಳ್ಳೋಣ.

1. ಪಿಸ್ಟನ್ ಚಲಿಸುವ ಜಾಗ: 0.7854 × 8 × 8 × 11 = 553 ಘನ ಸೆಂ.ಮೀ.
2. ಮೇಲೆ ಉಳಿಯುವ ಜಾಗ: 35.7 ಘನ ಸೆಂ.ಮೀ. ಎಂದಿರಲಿ.
3. ಅನುಪಾತ: (553 + 35.7) ÷ 35.7 = 16.5.

ಈಗ ಬೋರ್ ಮಾಡಿಸಿ 0.5 ಮಿ.ಮೀ. ದೊಡ್ಡ ಪಿಸ್ಟನ್ ಹಾಕಿದರೆ ಅನುಪಾತ ಸುಮಾರು 16.7 ಆಗುತ್ತದೆ, ವ್ಯತ್ಯಾಸ ಅಲ್ಪ. ಆದರೆ ಹೆಡ್ ಗ್ಯಾಸ್ಕೆಟ್ 0.5 ಮಿ.ಮೀ. ದಪ್ಪವಾದರೆ ಮೇಲಿನ ಜಾಗ 2.5 ಘನ ಸೆಂ.ಮೀ. ಹೆಚ್ಚಿ, ಅನುಪಾತ 15.5ಕ್ಕೆ ಇಳಿಯುತ್ತದೆ. ಆದುದರಿಂದ ಸೋರಿಕೆ ತಡೆಯಲೆಂದು ಎರಡು ಗ್ಯಾಸ್ಕೆಟ್ ಹಾಕಿಸಬಾರದು. ತೀರ ತೆಳುವಾದರೂ ಅಪಾಯವೇ. ಪಿಸ್ಟನ್ ವಾಲ್ವಿಗೆ ಬಡಿಯಬಹುದು.

ರೈತರು ಗಮನಿಸಬೇಕಾದುದು:

* ಎಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಯ ಗ್ಯಾಸ್ಕೆಟ್ಟನ್ನೇ ಕೊಳ್ಳಿರಿ.
* ಪಿಸ್ಟನ್ ತಲೆಯ ಮೇಲೆ ಸೀಸದ ತಂತಿ ಇಟ್ಟು, ಹೆಡ್ ಬಿಗಿದು, ಫ್ಲೈವ್ಹೀಲನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿಸಿರಿ. ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ಕೈಪಿಡಿಯೊಡನೆ ಹೋಲಿಸಿ ನೋಡಿರಿ. ತಂತಿಯನ್ನು ತಪ್ಪದೆ ಹೊರತೆಗೆದ ನಂತರವೇ ಎಂಜಿನ್ ಚಾಲೂ ಮಾಡಬೇಕು.